ಪೆನ್ಸಿಲ್ವೇನಿಯಾದ ಬೇಟೆಕಾಡು: ಜಿಂಕೆಯ ಖರ್ಚು ಯಾರದು?

(ಶಿವಮೊಗ್ಗದಲ್ಲಿ ಕಾಡು ಸುತ್ತುವ ಗೆಳೆಯರ ಮುಂದೆ ಆಡಿದ ಮಾತು ಇದು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಿಂಕೆ ಬೇಟೆ ಬಗ್ಗೆ ಮಾತಾಡುತ್ತೇನೆ ಅಂದಾಗ ಇಲ್ಲಿನ ಗೆಳೆಯರು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಸಹಜವೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಬೇಟೆ ಅಂದರೆ ಕೇಸು, ಜೈಲು. ಮರಸು ಕೂರುವುದು (ಅಟ್ಟಣಿಗೆ ಕಟ್ಟಿ ಅಡಗಿ ಕಾಯುವುದು), ಹಳು ಸೋವುವುದು (ಗುಂಪಾಗಿ ಪೊದೆ ಬಡಿದು ಪ್ರಾಣಿ ಎಬ್ಬಿಸುವುದು), ಪಾಲು ಹಂಚುವುದು ಎಲ್ಲ ಅಜ್ಜಂದಿರ ಬಾಯಲ್ಲಿ ಕೇಳಿದ್ದು. ನಾನಿರುವ ಕಡೆ ಇವೆಲ್ಲ ಈಗಲೂ ನಡೆಯುತ್ತವೆ. ಹಗಲು ಹೊತ್ತಿನಲ್ಲಿ, ಕಾನೂನಿನ ಒಳಗೆ, ಬೇಟೆಗೆಂದೇ ಸರ್ಕಾರ ಕೊಂಡಿಟ್ಟ ಕಾಡಿನಲ್ಲಿ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗದಲ್ಲಿ. ಉದ್ದುದ್ದ ಬೆಟ್ಟಸಾಲು, ನಡುವೆ ಕಣಿವೆ, ಓಕ್ ಕಾಡು. ನಾನು ಕೋವಿ ಹಿಡಿದವಳಲ್ಲ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದೂ ಇಲ್ಲ. ಆದರೆ ಹಕ್ಕಿ, ಗಿಡ ನೋಡುವ ಚಟ ಇದೆ. ಅದಕ್ಕೆ ನಾನು ಸುತ್ತುವ ಕಾಡು ಬಹುಪಾಲು ‘ಸ್ಟೇಟ್ ಗೇಮ್ ಲ್ಯಾಂಡ್ಸ್’, ಅಂದರೆ ರಾಜ್ಯದ ಬೇಟೆಕಾಡು. ಒಳಗೆ ಹೋಗಲು ಟಿಕೆಟ್ ಇಲ್ಲ. ಕೇಳುವವರಿಲ್ಲ. ಇಷ್ಟು ದೊಡ್ಡ ಕಾಡನ್ನು ಯಾರು ಕೊಂಡರು, ಯಾರು ನೋಡಿಕೊಳ್ಳುತ್ತಾರೆ ಎಂದು ಹುಡುಕಿದಾಗ ಗೊತ್ತಾಯಿತು. ನಾನು ಪುಕ್ಕಟೆ ಸುತ್ತುತ್ತಿದ್ದದ್ದು ಬೇಟೆಗಾರರ ದುಡ್ಡಿನಲ್ಲಿ.

ನಾನು ಇವತ್ತು ಹೇಳಹೊರಟಿರುವುದು ಒಂದೇ ಒಂದು ತೊಡಕಿನ ಬಗ್ಗೆ. ದುಡ್ಡು ಕೊಡುವ ಬೇಟೆಗಾರನಿಗೆ ಜಿಂಕೆ ಜಾಸ್ತಿ ಬೇಕು. ಕಾಡಿಗೆ ಜಿಂಕೆ ಕಡಿಮೆ ಬೇಕು. ನಡುವೆ ನಿಂತ ಇಲಾಖೆ ಸುಮಾರು ನೂರು ವರ್ಷದಿಂದ ಎರಡೂ ಕಡೆಯಿಂದ ಬೈಸಿಕೊಳ್ಳುತ್ತಿದೆ.

ಮೊದಲು ಆ ನೆಲದ ಅಳತೆ ಹೇಳಿಬಿಡುತ್ತೇನೆ. ಈ ಗೇಮ್ ಲ್ಯಾಂಡ್ಸ್ ಎಲ್ಲ ಸೇರಿ ಸುಮಾರು 15 ಲಕ್ಷ ಎಕರೆ. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನ ಏಳು ಸೇರಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಆದರೆ ಒಂದೇ ಕಡೆ ಇಲ್ಲ. 300ಕ್ಕೂ ಹೆಚ್ಚು ತುಂಡುಗಳಾಗಿ, ರಾಜ್ಯದ 67 ಕೌಂಟಿಗಳಲ್ಲಿ 65ರಲ್ಲಿ ಹರಡಿಕೊಂಡಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನೋಡಿಕೊಳ್ಳುವುದು 1895ರಲ್ಲಿ ಶುರುವಾದ ಗೇಮ್ ಕಮಿಷನ್, ನಾನು ಆಗಲೇ ಹೇಳಿದ ಇಲಾಖೆ. ಇದರ ಜೊತೆಗೆ ರಾಜ್ಯದ ಅರಣ್ಯ, ಅಲಿಗೇನಿ ರಾಷ್ಟ್ರೀಯ ಅರಣ್ಯ ಬೇರೆ ಇವೆ. ಅಲ್ಲೂ ಬೇಟೆಗೆ ಅವಕಾಶ ಇದೆ. ಆದರೆ ಬೇಟೆಗೆಂದೇ ಕೊಂಡದ್ದು ಗೇಮ್ ಲ್ಯಾಂಡ್ಸ್.

1895ರಲ್ಲಿ ಅಲ್ಲಿ ಉಳಿದಿದ್ದಾದರೂ ಏನು? ಹೆಚ್ಚೇನಿಲ್ಲ. ಬಿಳಿ ಪೈನ್ ಮರ ದಿಮ್ಮಿಗೆ ಹೋಗಿತ್ತು. ಹೆಮ್ಲಾಕ್ ಮರದ ತೊಗಟೆ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದ ರೆಂಬೆ ಕೊಂಬೆಗೆ ಬೆಂಕಿ ಬಿದ್ದು ಬೆಟ್ಟಕ್ಕೆ ಬೆಟ್ಟವೇ ಸುಟ್ಟಿತ್ತು. ಜಿಂಕೆಯನ್ನು ಪೇಟೆಗೆ ಮಾಂಸ ಮಾರಲೆಂದು ಕೊಂದು ಮುಗಿಸಿದ್ದರು. ತೋಳ, ಕೂಗರ್ ಎರಡೂ 19ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲವಾದವು. ಕೂಗರ್ ಅಂದರೆ ಅಲ್ಲಿನ ದೊಡ್ಡ ಬೆಕ್ಕು, ಮೈಮೇಲೆ ಚುಕ್ಕೆ ಇಲ್ಲದ್ದು. ಇಡೀ ಅಮೆರಿಕದಲ್ಲೇ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷಕ್ಕೆ ಇಳಿದಿತ್ತು ಎಂದು ಅಂದಾಜು. ಈಗ ಅದು 3 ಕೋಟಿಯ ಆಸುಪಾಸು ಇದೆ.

ಕಮಿಷನ್ ಮೂರು ಕೆಲಸ ಮಾಡಿತು. 1906ರಿಂದ ಬೇರೆ ರಾಜ್ಯಗಳಿಂದ ಜಿಂಕೆ ತರಿಸಿ ಬಿಟ್ಟಿತು. 1907ರಲ್ಲಿ ಕೊಂಬಿಲ್ಲದ ಜಿಂಕೆಗೆ, ಅಂದರೆ ಹೆಣ್ಣಿಗೆ ಮತ್ತು ಮರಿಗೆ, ಯಾರೂ ಗುಂಡು ಹಾರಿಸಬಾರದು ಎಂಬ ಕಾನೂನು ಬಂತು. 1920ರಲ್ಲಿ ಎಲ್ಕ್ ಕೌಂಟಿಯಲ್ಲಿ ಮೊದಲ ಗೇಮ್ ಲ್ಯಾಂಡ್ ಕೊಂಡರು. ಮರ ಕಡಿದು ಬೋಳಾದ ಬೆಟ್ಟ ಯಾರಿಗೂ ಬೇಡವಾಗಿತ್ತು. ಅಗ್ಗಕ್ಕೆ ಸಿಕ್ಕಿತು.

ಬೋಳು ಬೆಟ್ಟ ಜಿಂಕೆಗೆ ಮಾತ್ರ ಹಬ್ಬದೂಟ ಆಯಿತು. ಸುಟ್ಟ ನೆಲದಲ್ಲಿ ಎಲ್ಲೆಲ್ಲೂ ಎಳೆ ಚಿಗುರು, ಬಾಯಿಗೆ ಎಟುಕುವ ಎತ್ತರದಲ್ಲಿ. ತಿನ್ನುವ ತೋಳ ಇಲ್ಲ. ಹೆಣ್ಣನ್ನು ಕೊಲ್ಲುವವರಿಲ್ಲ. ಇಪ್ಪತ್ತು ವರ್ಷದಲ್ಲಿ ಜಿಂಕೆ ತುಂಬಿಹೋಯಿತು. ಆಮೇಲೆ ಮರ ಎತ್ತರಕ್ಕೆ ಬೆಳೆದು ಚಿಗುರು ಕೈತಪ್ಪಿತು. ಚಳಿಗಾಲದಲ್ಲಿ ಜಿಂಕೆಗಳು ಹಸಿದು ಸಾಯತೊಡಗಿದವು. 1928ರಲ್ಲಿ ಕಮಿಷನ್ ಇಡೀ ರಾಜ್ಯಕ್ಕೆ ಹೆಣ್ಣು ಜಿಂಕೆಯ ಬೇಟೆ ಘೋಷಿಸಿತು. ಬೇಟೆಗಾರರು ಸಿಡಿದೆದ್ದರು.

ಅವರ ಸಿಟ್ಟು ಯಾಕೆ ಬಂತು ನೋಡಿ. ಎರಡು ದಶಕ ಅವರಿಗೆ ಕಲಿಸಿದ್ದೇನು? ಒಳ್ಳೆಯ ಬೇಟೆಗಾರ ಹೆಣ್ಣಿನ ಮೇಲೆ ಗುಂಡು ಹಾರಿಸುವುದಿಲ್ಲ ಅಂತ. ಅಪ್ಪ ಮಗನಿಗೆ ಅದನ್ನೇ ಹೇಳಿಕೊಟ್ಟಿದ್ದ. ಈಗ ಅದೇ ಕಮಿಷನ್ ಬಂದು ಹೆಣ್ಣನ್ನು ಹೊಡೆಯಿರಿ ಅನ್ನುತ್ತಿದೆ. ಯಾರಿಗಾದರೂ ಸಿಟ್ಟು ಬರುತ್ತೆ, ಅಲ್ವಾ?

ಇಲ್ಲಿ ದುಡ್ಡಿನ ವಿಷಯಕ್ಕೆ ಬರಲೇಬೇಕು. ಗೇಮ್ ಕಮಿಷನ್ನಿಗೆ ರಾಜ್ಯದ ಸಾಮಾನ್ಯ ತೆರಿಗೆಯಿಂದ ಹಣ ಬರುವುದಿಲ್ಲ. ಒಂದು ಮೂಲ ಬೇಟೆಯ ಲೈಸೆನ್ಸು. ರಾಜ್ಯದೊಳಗೆ ಇರುವ ವಯಸ್ಕರಿಗೆ ವರ್ಷಕ್ಕೆ ಸುಮಾರು 21 ಡಾಲರ್. ಇನ್ನೊಂದು 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಹಣ. ಉದ್ದ ನಳಿಕೆಯ ಬಂದೂಕು, ತೋಟಾ ಇವುಗಳ ಮೇಲೆ ಕಂಪನಿಯ ಹಂತದಲ್ಲೇ ನೂರಕ್ಕೆ 11ರಷ್ಟು ಸುಂಕ ಹಾಕುತ್ತಾರೆ. ಕೈಬಂದೂಕಿಗೆ ನೂರಕ್ಕೆ 10. ಆ ಹಣ ಕೇಂದ್ರದಿಂದ ರಾಜ್ಯಗಳಿಗೆ ವನ್ಯಜೀವಿ ಕೆಲಸಕ್ಕೆ ಹಂಚಿಕೆಯಾಗುತ್ತದೆ. ಅದು ಬೇಕಾದರೆ ಲೈಸೆನ್ಸಿನ ದುಡ್ಡನ್ನು ರಾಜ್ಯ ಬೇರೆ ಯಾವುದಕ್ಕೂ ಮುಟ್ಟಬಾರದು. ಈ ಷರತ್ತು ಬಹಳ ಜಾಣತನದ್ದು ಅಂತ ನನ್ನ ಅಭಿಪ್ರಾಯ. ರಸ್ತೆಗೋ ಸೇತುವೆಗೋ ತಿರುಗಿಸಲು ಬರುವುದಿಲ್ಲ.

ಹೀಗಾಗಿ ಬೇಟೆಗಾರ ತನ್ನನ್ನು ಮಾಲೀಕ ಅಂದುಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಜಿಂಕೆ ಯಾರದೂ ಅಲ್ಲ. ಜನರ ಪರವಾಗಿ ರಾಜ್ಯ ಅದರ ಪಾಲಕ. ನಿಮ್ಮ ಹಿತ್ತಲಲ್ಲಿ ಮಲಗಿದ್ದರೂ ನಿಮ್ಮದಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಬಂಡೀಪುರ ಮಹಾರಾಜರ ಬೇಟೆಯ ಕಾಡಾಗಿತ್ತು. ಅಲ್ಲಿ ಯಾರು ಬೇಟೆಯಾಡಬೇಕು ಅನ್ನುವುದು ಅರಮನೆಯ ಮಾತು. ಅಮೆರಿಕದವರು ದೊರೆಯ ಜಿಂಕೆ ಎಂಬ ಇಂಗ್ಲೆಂಡಿನ ಪದ್ಧತಿಯನ್ನೇ ಬೇಡ ಎಂದವರು. ಆದರೆ ಜಿಂಕೆ ಎಲ್ಲರದೂ ಆದರೂ ನೆಲ ಎಲ್ಲರದಲ್ಲ. ಟೆಕ್ಸಾಸ್‌ನಲ್ಲಿ ನೂರಕ್ಕೆ 95ರಷ್ಟು ನೆಲ ಖಾಸಗಿ. ಬೇಟೆಗೆ ಹೋಗಬೇಕಾದರೆ ಹೆಚ್ಚಿನವರು ಜಮೀನಿನವರಿಗೆ ಬಾಡಿಗೆ ಕೊಡಬೇಕು. ಪೆನ್ಸಿಲ್ವೇನಿಯಾದಲ್ಲಿ ಲಾರಿ ಓಡಿಸುವವರು, ಕಾರ್ಖಾನೆ ಕೆಲಸದವರು 21 ಡಾಲರ್ ಕೊಟ್ಟು ಸಾವಿರಾರು ಎಕರೆಯ ಕಾಡಿಗೆ ಇಳಿಯಬಹುದು. ನಮ್ಮ ಪಕ್ಕದ ಮನೆಯ ಹಿರಿಯರು ಅಂಥವರೇ. ಲಾರಿ ಓಡಿಸಿ ನಿವೃತ್ತರಾದವರು. ಒಂದು ಗುಂಟೆಯೂ ಸ್ವಂತ ಕಾಡಿಲ್ಲ.

ಈಗ ಬೇಟೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನಿಮಗೆ ಇದೇ ಹೆಚ್ಚು ಕುತೂಹಲ ಅಂತ ಗೊತ್ತು.

ಬಂದೂಕಿನ ಮುಖ್ಯ ಹಂಗಾಮು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ, ಸುಮಾರು ಎರಡು ವಾರ. ಬಿಲ್ಲುಬಾಣದ್ದು ಅದಕ್ಕೂ ಮೊದಲೇ ಶುರುವಾಗಿರುತ್ತದೆ. 2019ಕ್ಕೆ ಮೊದಲು ಹಬ್ಬದ ನಂತರದ ಸೋಮವಾರ ಆರಂಭ. ಎಷ್ಟೋ ಊರುಗಳಲ್ಲಿ ಆ ಸೋಮವಾರ ಶಾಲೆಗೇ ರಜೆ. ನಾನು ಹೊಸದಾಗಿ ಹೋದಾಗ ಇದನ್ನು ನಂಬಲೇ ಇಲ್ಲ. ಈಗ ಆರಂಭ ಶನಿವಾರಕ್ಕೆ ಬಂದಿದೆ. ಅದಕ್ಕೂ ಜಗಳವಾಯಿತು. ಭಾನುವಾರದ ಬೇಟೆಗೆ ಹಳೆಯ ಕಾಲದಿಂದ ನಿಷೇಧ ಇತ್ತು. 2019ರಲ್ಲಿ ವರ್ಷಕ್ಕೆ ಮೂರು ಭಾನುವಾರ ಬಿಟ್ಟರು. 2025ರಲ್ಲಿ ಆ ನಿಷೇಧವನ್ನೇ ತೆಗೆದರು.

ಹೊಸಬರು ಮೊದಲು ಬೇಟೆಯ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕು. ಕಾಡಿಗೆ ಇಳಿದಾಗ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಡಬೇಕು. ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು. ಜಿಂಕೆಗೆ ಆ ಬಣ್ಣ ನಮ್ಮ ಕಣ್ಣಿಗೆ ಕಂಡಷ್ಟು ಎದ್ದು ಕಾಣುವುದಿಲ್ಲ. ಗೇಮ್ ಲ್ಯಾಂಡ್ಸ್ ಒಳಗೆ ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ನನ್ನಂಥ ಬರಿಗೈಯವರೂ ತೊಡಬೇಕು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಬೇಟೆ. ತಾನಾಗಿ ತೋಟಾ ಏರಿಸಿಕೊಳ್ಳುವ ರೈಫಲ್ಲನ್ನು ಜಿಂಕೆಗೆ ಬಳಸುವ ಹಾಗಿಲ್ಲ.

ಮರಸು ಕಟ್ಟಬಹುದು, ಆದರೆ ಮರಕ್ಕೆ ಮೊಳೆ ಹೊಡೆಯುವ ಹಾಗಿಲ್ಲ. ಕಟ್ಟಿ ಬಿಚ್ಚುವ ಅಟ್ಟಣಿಗೆ, ಅದರ ಮೇಲೆ ಮಾಲೀಕರ ಗುರುತು ಇರಬೇಕು. ಹಂಗಾಮು ಮುಗಿದು ಎರಡು ವಾರದೊಳಗೆ ಇಳಿಸಿಕೊಂಡು ಹೋಗಬೇಕು. ಹಳು ಸೋವಬಹುದು, ಗುಂಪಿನಲ್ಲಿ 25 ಜನಕ್ಕಿಂತ ಹೆಚ್ಚು ಇರಬಾರದು. ಗೇಮ್ ಲ್ಯಾಂಡ್ಸ್ ಒಳಗೆ ಹೆಂಡ ಕುಡಿಯುವ ಹಾಗಿಲ್ಲ. ಇದನ್ನು ಕೇಳಿ ಮುಂದಿನ ಸಾಲಿನ ಹಿರಿಯರೊಬ್ಬರು ‘ಮತ್ತೆ ಏನು ಬೇಟೆ ಅದು’ ಅಂದರು. ಎಲ್ಲರೂ ನಕ್ಕರು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈಡು ಬಿದ್ದ ಮೇಲಿನ ಕೆಲಸ. ಜಿಂಕೆ ಬಿದ್ದ ಜಾಗದಿಂದ ಅಲುಗಿಸುವ ಮೊದಲು ಟ್ಯಾಗಿನಲ್ಲಿ, ಅಂದರೆ ಜಿಂಕೆಗೊಂದರಂತೆ ಸಿಗುವ ಚೀಟಿಯಲ್ಲಿ, ವಿವರ ಬರೆದು ಅದರ ಕಿವಿಗೆ ಕಟ್ಟಬೇಕು. ಹತ್ತು ದಿನದೊಳಗೆ ಕಮಿಷನ್ನಿಗೆ ವರದಿ ಕೊಡಬೇಕು. ಮಾಂಸ ಮಾರುವಂತಿಲ್ಲ, ಒಂದು ತುಂಡೂ. ತಿನ್ನಬಹುದು, ಹಂಚಬಹುದು, ದಾನ ಕೊಡಬಹುದು. ದಾನಕ್ಕೆಂದೇ 1991ರಲ್ಲಿ ಶುರುವಾದ ಒಂದು ವ್ಯವಸ್ಥೆ ಇದೆ, ‘ಹಂಟರ್ಸ್ ಶೇರಿಂಗ್ ದಿ ಹಾರ್ವೆಸ್ಟ್’ ಅಂತ. ಬೇಟೆಗಾರ ಜಿಂಕೆಯನ್ನು ಕಸಾಯಿಯವರಿಗೆ ಕೊಟ್ಟರೆ ಅದು ಬಡವರ ಊಟದ ಕೇಂದ್ರಗಳಿಗೆ ಹೋಗುತ್ತದೆ. ಮಾರಾಟ ನಿಂತದ್ದರಿಂದಲೇ ಜಿಂಕೆ ಉಳಿಯಿತು. ಬೇಟೆಯೇ ಜಿಂಕೆಯನ್ನು ಮುಗಿಸಿತು ಅನ್ನುವವರು ಪೇಟೆಯನ್ನು ಮರೆಯುತ್ತಾರೆ.

ಇಷ್ಟು ದೊಡ್ಡ ಕಾಡಿದ್ದರೂ ಬೇಟೆಗಾರರು ಎಲ್ಲ ಕಡೆ ಹೋಗುವುದಿಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನದಿಂದ ಎಣಿಸಿ, ಕೆಲವರ ಕೈಗೆ ಜಿಪಿಎಸ್ ಕೊಟ್ಟು ನೋಡಿದರು. ರಸ್ತೆಯಿಂದ ದೂರ ಹೋದಷ್ಟೂ, ಏರು ಕಡಿದಾದಷ್ಟೂ ಜನ ಕಡಿಮೆ. ಕೇಳಿದರೆ ಎಲ್ಲರೂ ಬಹಳ ಒಳಗೆ ಹೋಗಿದ್ದೆ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಹಿರಿಯರೂ ಹಾಗೇ ಅನ್ನುತ್ತಾರೆ, ಬಿಡಿ. ಜಿಂಕೆಗೂ ಇದು ಗೊತ್ತು. ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿದ ಜಿಂಕೆಗಳು ಹಂಗಾಮಿನಲ್ಲಿ ಜನ ಏರದ ಇಳಿಜಾರು ಹುಡುಕಿಕೊಂಡು ನಿಂತದ್ದನ್ನು ಗಮನಿಸಿದ್ದಾರೆ. ಅದಕ್ಕೇ ಕಮಿಷನ್ ಹಂಗಾಮಿನಲ್ಲಿ ಕೆಲವು ಒಳರಸ್ತೆಗಳ ಗೇಟು ತೆಗೆಯುತ್ತದೆ. ಯಾವ ತುಂಡಿನಲ್ಲಿ ಜಿಂಕೆ ಅತಿಯಾಗಿದೆಯೋ ಅಲ್ಲಿಗೆ ಮಾತ್ರ ಹೆಚ್ಚುವರಿ ಟ್ಯಾಗು ಕೊಡುವ ಯೋಜನೆಯೂ ಇದೆ.

ಮತ್ತೆ ಹೆಣ್ಣು ಜಿಂಕೆಯ ಜಗಳಕ್ಕೆ ಬರೋಣ. ಲೆಕ್ಕ ಸುಲಭ. ಒಂದು ಗಂಡು ಎಷ್ಟೋ ಹೆಣ್ಣಿಗೆ ಸಾಕು. ಗಂಡನ್ನು ಎಷ್ಟು ಹೊಡೆದರೂ ಮುಂದಿನ ವರ್ಷದ ಮರಿಗಳ ಸಂಖ್ಯೆ ಹೆಚ್ಚೇನೂ ಇಳಿಯುವುದಿಲ್ಲ. ಬೆಳೆದ ಹೆಣ್ಣು ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಕಾಡು ಉಳಿಯಬೇಕಾದರೆ ಹೆಣ್ಣು ಕಡಿಮೆಯಾಗಬೇಕು.

ಕಾಡಿಗೆ ನಿಜಕ್ಕೂ ಏನಾಗುತ್ತದೆ ಎಂದು ಅಮೆರಿಕದ ಅರಣ್ಯ ಸೇವೆಯವರು ವಾಯವ್ಯ ಪೆನ್ಸಿಲ್ವೇನಿಯಾದಲ್ಲಿ ಹತ್ತು ವರ್ಷ ನೋಡಿದರು. 1980ರ ಸುಮಾರಿಗೆ ಶುರು. ಕಾಡಿಗೆ ಬೇಲಿ ಹಾಕಿ, ಒಂದರಲ್ಲಿ ಚದರ ಮೈಲಿಗೆ 10ರ ಲೆಕ್ಕದಲ್ಲಿ ಜಿಂಕೆ ಬಿಟ್ಟರು. ಇನ್ನುಳಿದವುಗಳಲ್ಲಿ 20, 40, 80ರ ಲೆಕ್ಕ. ಜಿಂಕೆ ಜಾಸ್ತಿಯಾದ ಕಡೆ ಎಳೆ ಮರಗಳೇ ಇಲ್ಲವಾದವು, ಜರಿಗಿಡ ಹಬ್ಬಿತು. ಅಲ್ಲಿನ ಒಂದು ಜರಿಗಿಡ ಜಿಂಕೆಗೆ ರುಚಿಸುವುದಿಲ್ಲ. ಅದು ನೆಲ ಮುಚ್ಚಿಬಿಟ್ಟರೆ ಓಕ್ ಮೊಳಕೆಗೆ ಬೆಳಕೇ ಇಲ್ಲ. ನನಗೆ ಬಹಳ ಬೇಸರ ತಂದದ್ದು ಹಕ್ಕಿಯ ಲೆಕ್ಕ. ನಡುಎತ್ತರದ ಕೊಂಬೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳ ಜಾತಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಇಳಿಕೆ. ಆ ಎತ್ತರದಲ್ಲಿ ಕೊಂಬೆಯೇ ಇಲ್ಲದ ಮೇಲೆ ಗೂಡು ಎಲ್ಲಿ ಕಟ್ಟಬೇಕು? ಈಗಲೂ ನಮ್ಮ ಕಾಡುಗಳಲ್ಲಿ ಬೇಲಿ ಹಾಕಿದ ತುಂಡುಗಳಿವೆ. ಬೇಲಿಯ ಒಳಗೆ ಟ್ರಿಲಿಯಂ ಹೂವು, ಓಕ್ ಸಸಿ. ಹೊರಗೆ ಬರೀ ಜರಿ. ಯಾರಿಗೂ ವಿವರಿಸುವ ಅಗತ್ಯವೇ ಇಲ್ಲ, ಕರೆದುಕೊಂಡು ಹೋಗಿ ತೋರಿಸಿದರೆ ಸಾಕು.

1999ರಲ್ಲಿ ಕಮಿಷನ್ ಈ ಕೆಲಸವನ್ನು ಗ್ಯಾರಿ ಆಲ್ಟ್ ಎಂಬ ವಿಜ್ಞಾನಿಗೆ ವಹಿಸಿತು. ಅವರು ಕರಡಿಗಳ ಕೆಲಸದಿಂದ ಹೆಸರು ಮಾಡಿದವರು, ಜನ ಮೆಚ್ಚಿದವರು. ಊರೂರು ಸುತ್ತಿ, ಶಾಲೆಯ ಸಭಾಂಗಣಗಳಲ್ಲಿ ಬೇಟೆಗಾರರನ್ನು ಸೇರಿಸಿ, ಸ್ಲೈಡು ತೋರಿಸಿ ಹೆಣ್ಣನ್ನು ಯಾಕೆ ಹೊಡೆಯಬೇಕು ಎಂದು ಹೇಳಿದರು. ಗಂಡು ಹೆಣ್ಣು ಎರಡಕ್ಕೂ ಒಂದೇ ಹೊತ್ತಿಗೆ ಹಂಗಾಮು ಬಂತು. 2002ರಲ್ಲಿ ಇನ್ನೊಂದು ನಿಯಮ ಬಂತು. ಕೊಂಬಿನಲ್ಲಿ ಒಂದು ಬದಿಗೆ ಮೂರೋ ನಾಲ್ಕೋ ಕವಲು ಇಲ್ಲದ ಎಳೆಯ ಗಂಡನ್ನು ಹೊಡೆಯುವ ಹಾಗಿಲ್ಲ. ಇದು ಜಾಣ ಲೆಕ್ಕಾಚಾರ. ಹೆಣ್ಣನ್ನು ಕಡಿಮೆ ಮಾಡಿ ಅಂದ ಬಾಯಲ್ಲೇ, ದೊಡ್ಡ ಕೊಂಬಿನ ಗಂಡು ನಿಮಗೆ ಸಿಗುತ್ತದೆ ಎಂದೂ ಹೇಳಿದ ಹಾಗಾಯಿತು. ಆದರೂ ಬೆದರಿಕೆ ಬಂತು. ಅವರು ಕೆಲವು ಸಭೆಗಳಿಗೆ ಗುಂಡು ತಡೆಯುವ ಅಂಗಿ ತೊಟ್ಟು ಹೋಗಿದ್ದರು ಎಂದು ಪತ್ರಿಕೆಗಳು ಬರೆದವು. ಬೇಟೆಗಾರರ ಸಂಘವೊಂದು ಕೋರ್ಟಿಗೂ ಹೋಯಿತು. 2004ರ ಕೊನೆಗೆ ಆಲ್ಟ್ ಕೆಲಸ ಬಿಟ್ಟರು. ನಿಯಮ ಮಾತ್ರ ಉಳಿಯಿತು. ಈಗ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಜಿಂಕೆ ಬೇಟೆಯಾಗುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಂಬಿಲ್ಲದವು.

ನಮ್ಮ ಪಕ್ಕದ ಮನೆಯವರು ಇಂದಿಗೂ ಆಲ್ಟ್ ಹೆಸರು ಕೇಳಿದರೆ ಮುಖ ಗಂಟು ಹಾಕುತ್ತಾರೆ. ‘ಮೊದಲು ಬೆಳಗ್ಗೆ ಮೂವತ್ತು ಜಿಂಕೆ ಕಾಣುತ್ತಿದ್ದೆ, ಈಗ ಎರಡು’ ಅನ್ನುತ್ತಾರೆ. ನಾನು ‘ಈಗ ಓಕ್ ಸಸಿ ಕಾಣುತ್ತಿದೆ’ ಅನ್ನುತ್ತೇನೆ. ‘ಓಕ್ ಸಸಿಗೆ ನೀನು ಲೈಸೆನ್ಸು ಕೊಳ್ಳುತ್ತೀಯಾ?’ ಅನ್ನುತ್ತಾರೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ರೋಗದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಜಿಂಕೆಯ ಮಿದುಳನ್ನು ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ ರೋಗ 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡಿತು, 2012ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂತು. ಮದ್ದಿಲ್ಲ. ಅದನ್ನು ಹರಡುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಬಂದದ್ದು ಈವರೆಗೆ ಕಂಡಿಲ್ಲ. ಆದರೂ ರೋಗ ಇರುವ ಕಡೆ ಹೊಡೆದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ರೋಗ ಇದ್ದರೆ ತಿನ್ನಬೇಡಿ ಎನ್ನುತ್ತಾರೆ. ತಲೆ ಹಾಕಲು ರಸ್ತೆ ಬದಿಯಲ್ಲಿ ಡಬ್ಬಿ ಇಟ್ಟಿರುತ್ತಾರೆ. ಜಿಂಕೆ ಒತ್ತೊತ್ತಾಗಿ ಇರುವಷ್ಟೂ ರೋಗಕ್ಕೆ ಅನುಕೂಲ.

ಪ್ರಶ್ನೆಗಳಲ್ಲಿ ಮೊದಲನೆಯದು ಕಾಲೇಜು ಹುಡುಗಿಯೊಬ್ಬಳದು. ‘ತೋಳವನ್ನೇ ವಾಪಸು ತಂದರೆ ಆಗಲ್ವಾ ಮೇಡಂ?’ ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಸೇರಿ ಈ ಕೆಲಸ ಮಾಡುತ್ತವೆ. ಪೆನ್ಸಿಲ್ವೇನಿಯಾದಲ್ಲಿ ಕರಡಿ ಮತ್ತು ಕಯೋಟಿ ಎಂಬ ನರಿಯಂಥ ಪ್ರಾಣಿ ಜಿಂಕೆಯ ಮರಿಗಳನ್ನು ಹಿಡಿಯುತ್ತವೆ. ಬೆಳೆದ ಜಿಂಕೆಯನ್ನು ಹಿಡಿಯುವುದು ಬಹುಪಾಲು ಕೋವಿ ಮತ್ತು ಕಾರು. ಅಲ್ಲಿನ ನಮ್ಮ ಕನ್ನಡದವರನ್ನು ಕೇಳಿ ನೋಡಿ, ನವೆಂಬರ್ ಸಂಜೆ ಜಿಂಕೆಗೆ ಕಾರು ಗುದ್ದಿದವರು ಪ್ರತಿ ಕೂಟದಲ್ಲೂ ಒಬ್ಬರಾದರೂ ಸಿಗುತ್ತಾರೆ. 1 ಕೋಟಿ 30 ಲಕ್ಷ ಜನ ಇರುವ, ರಸ್ತೆಯಿಂದ ತುಂಡು ತುಂಡಾದ ರಾಜ್ಯಕ್ಕೆ ತೋಳ ಬರುವುದು ನನಗಂತೂ ಕಾಣುತ್ತಿಲ್ಲ.

ತೀರ್ಥಹಳ್ಳಿ ಕಡೆಯ ರೈತರೊಬ್ಬರು, ಇಲ್ಲೂ ಹೀಗೆ ಲೈಸೆನ್ಸು ಕೊಟ್ಟರೆ ತಪ್ಪೇನು ಎಂದು ಕೇಳಿದರು. ಕಾಡುಪ್ರಾಣಿಗಳಿಂದ ಗದ್ದೆಯ ಪೈರು ಕಳಕೊಂಡವರ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಆದರೂ ನನ್ನ ಉತ್ತರ ಬೇಡ ಅಂತಲೇ. ಅಲ್ಲಿ ಅದು ನಡೆಯುವುದು ಪ್ರತಿ ಕಿವಿಗೆ ಟ್ಯಾಗು ಬೀಳುವುದರಿಂದ, ಮಾಂಸ ಪೇಟೆಗೆ ಬರದಿರುವುದರಿಂದ. ನಮ್ಮಲ್ಲಿ ಈ ಎರಡರ ಬಗ್ಗೆಯೂ ನನಗೆ ಧೈರ್ಯ ಇಲ್ಲ. ಜೊತೆಗೆ ನಮ್ಮ ಹುಲಿಗೆ ಆ ಜಿಂಕೆ ಬೇಕು.

ಕೊನೆಯ ಪ್ರಶ್ನೆ ನಿವೃತ್ತ ಬ್ಯಾಂಕಿನವರದು, ಅವರ ಪ್ರಶ್ನೆ ಸಹಜವಾಗಿ ದುಡ್ಡಿನದು. ಬೇಟೆಗಾರರು ಕಡಿಮೆಯಾದರೆ ಏನು ಗತಿ? ಕಡಿಮೆಯಾಗುತ್ತಿದ್ದಾರೆ. 1980ರ ದಶಕದ ಆರಂಭದಲ್ಲಿ 13 ಲಕ್ಷದ ಹತ್ತಿರ ಇದ್ದ ಲೈಸೆನ್ಸು ಈಗ 10 ಲಕ್ಷ ಮುಟ್ಟುವುದಿಲ್ಲ. ಶುಲ್ಕ ಏರಿಸುವ ಅಧಿಕಾರ ಶಾಸನಸಭೆಯ ಕೈಯಲ್ಲಿತ್ತು. 1999ರಲ್ಲಿ ಏರಿಸಿದ್ದೇ ಕೊನೆ. ಹಾಗಾದರೆ ಕಮಿಷನ್ ಹೇಗೆ ನಡೆಯುತ್ತಿದೆ? ಗೇಮ್ ಲ್ಯಾಂಡ್ಸ್ ಕೆಳಗೆ ಮಾರ್ಸೆಲಸ್ ಶೇಲ್ ಎಂಬ ಕಲ್ಲಿನ ಪದರ ಇದೆ, ಅದರಲ್ಲಿ ಅನಿಲ ಇದೆ. ಅದರ ಗುತ್ತಿಗೆ, ಅದರ ಮೇಲೆ ಬರುವ ಪಾಲು, ಜೊತೆಗೆ ಮರದ ಮಾರಾಟ. ನೂರು ವರ್ಷದ ಹಿಂದೆ ಮರ ಕಡಿದು ಬೋಳಾಗಿದ್ದ ಬೆಟ್ಟವೇ ಈಗ ಮರವನ್ನೂ ಅನಿಲವನ್ನೂ ಮಾರಿ ಜಿಂಕೆಯ ಖರ್ಚು ನೋಡಿಕೊಳ್ಳುತ್ತಿದೆ. ಅನಿಲದ ಕೊಳವೆಬಾವಿ, ಅದಕ್ಕೊಂದು ರಸ್ತೆ, ಪೈಪಿನ ಸಾಲು ಕಾಡಿನೊಳಗೆ ಬಂದಿವೆ. ಆ ಸಾಲಿನ ಹುಲ್ಲು ಮೇಯಲು ಜಿಂಕೆ ಬರುತ್ತವೆ. ಕಾಡಿನ ಒಳಗನ್ನೇ ನಂಬಿದ ಹಕ್ಕಿಗಳು ಅಲ್ಲಿಂದ ದೂರ ಸರಿಯುತ್ತವೆ.

ನನ್ನಂಥ ನಡೆದಾಡುವವರಿಂದಲೂ ಶುಲ್ಕ ತೆಗೆದುಕೊಳ್ಳಬೇಕು ಎಂಬ ಮಾತು ಆಗಾಗ ಬರುತ್ತದೆ. ನಾನು ಕೊಡಲು ಸಿದ್ಧ. ಇದನ್ನು ಹೇಳಿದಾಗ ಪಕ್ಕದ ಮನೆಯ ಹಿರಿಯರು ಬೇಡವೇ ಬೇಡ ಅಂದರು. ದುಡ್ಡು ಕೊಟ್ಟರೆ ನಾಳೆ ನೀವೂ ಕಮಿಷನ್ ಸಭೆಗೆ ಬಂದು ಮೈಕ್ ಕೇಳುತ್ತೀರಿ, ಇಷ್ಟೇ ಜಿಂಕೆ ಸಾಕು ಅನ್ನುತ್ತೀರಿ ಎಂಬ ಅನುಮಾನ ಅವರದು. ಹೌದು, ಕೇಳುತ್ತೇನೆ.